ಹಕ್ಕಿ ಬಂತು, ನದಿ ಬದುಕಿತೇ?

ಡಿಸೆಂಬರ್ ಬಂತೆಂದರೆ ದಿಲ್ಲಿಯ ಕಶ್ಮೀರಿ ಗೇಟ್ ಬಳಿಯ ಯಮುನಾ ಘಾಟ್‌ನಲ್ಲಿ ಬೆಳಗಿನ ಜಾವಕ್ಕೇ ಜನ ಸೇರುತ್ತಾರೆ. ಮಂಜು ಕವಿದ ನೀರಿನಲ್ಲಿ ದೋಣಿಯವ ಕೂಗಿ ಕರೆದು ಒಂದು ಹಿಡಿ ಸೇವು ಎರಚಿದರೆ ಸಾಕು, ಬಿಳಿ ಹಕ್ಕಿಗಳು ಕಿರುಚುತ್ತ ದೋಣಿಯನ್ನು ಮುತ್ತಿಕೊಳ್ಳುತ್ತವೆ. ಮದುವೆಗೆ ಮುಂಚಿನ ಫೋಟೊ ಶೂಟ್‌ಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೇ? ‘ಸೈಬೀರಿಯಾದ ಹಕ್ಕಿಗಳು’ ಎಂದೇ ಅವುಗಳ ಖ್ಯಾತಿ.

ಇವು ಗಲ್ ಹಕ್ಕಿಗಳು. ಹೆಚ್ಚಾಗಿ ಕಾಣುವುದು ಕಂದುತಲೆಯ ಗಲ್ ಮತ್ತು ಕಪ್ಪುತಲೆಯ ಗಲ್. ಚಳಿಗಾಲದಲ್ಲಿ ಎರಡರ ತಲೆಯೂ ಬಿಳಿ. ಕಣ್ಣಿನ ಹಿಂದೆ ಮಸಿಯ ಚುಕ್ಕೆಯೊಂದು ಉಳಿದಿರುತ್ತದೆ, ಅಷ್ಟೆ. ಗುರುತು ಹಿಡಿಯಬೇಕಾದರೆ ಹಾರುವಾಗ ರೆಕ್ಕೆ ನೋಡಬೇಕು. ಕಪ್ಪು ತುದಿಯೊಳಗೆ ಬಿಳಿ ಮಚ್ಚೆ ಇದ್ದರೆ ಕಂದುತಲೆಯದು. ರೆಕ್ಕೆಯ ಮುಂದಿನ ಅಂಚು ಬೆಳ್ಳಗೆ ಹೊಳೆದರೆ ಕಪ್ಪುತಲೆಯದು. ಕಂದುತಲೆಯ ಗಲ್ ಮರಿ ಮಾಡುವುದು ಸೈಬೀರಿಯಾದಲ್ಲಲ್ಲ, ಲಡಾಖ್, ಟಿಬೆಟ್ ಮತ್ತು ಮಧ್ಯ ಏಷ್ಯಾದ ಎತ್ತರದ ಸರೋವರಗಳಲ್ಲಿ. ನಿಜಕ್ಕೂ ಸೈಬೀರಿಯಾದಿಂದ ಭರತಪುರಕ್ಕೆ ಬರುತ್ತಿದ್ದ ಸೈಬೀರಿಯನ್ ಕ್ರೇನ್ 2001–02ರ ಚಳಿಗಾಲದ ಬಳಿಕ ಅಲ್ಲಿಗೆ ಬರುವುದೇ ನಿಂತುಹೋಯಿತು.

ಕೊಳಚೆಯಲ್ಲೂ ಊಟ

ಇಷ್ಟು ಹಕ್ಕಿ ಇಳಿಯುವ ನದಿ ಚೆನ್ನಾಗಿಯೇ ಇರಬೇಕು ಎಂದು ನೋಡುವವರಿಗೆ ಅನ್ನಿಸಿದರೆ ತಪ್ಪಿಲ್ಲ. ಆದರೆ ಘಾಟ್‌ಗಿಂತ ಮೇಲೆ, ವಜೀರಾಬಾದ್ ಬ್ಯಾರೇಜ್ ದಾಟುತ್ತಿದ್ದಂತೆ ನಜಫ್‌ಗಢ ನಾಲೆ ಯಮುನೆಗೆ ಸೇರುತ್ತದೆ. ಒಂದು ಕಾಲದ ಸಾಹಿಬಿ ನದಿ ಇಂದು ನಗರದ ಅತಿ ದೊಡ್ಡ ಕೊಳಚೆ ಕಾಲುವೆ. ವಜೀರಾಬಾದ್‌ನಿಂದ ಓಖ್ಲಾವರೆಗಿನ 22 ಕಿ.ಮೀ. ಯಮುನೆಯ ಒಟ್ಟು ಉದ್ದದ ಶೇ 2ರಷ್ಟೂ ಇಲ್ಲ. ನದಿಯ ಮಾಲಿನ್ಯದಲ್ಲಿ ಸುಮಾರು ಮುಕ್ಕಾಲು ಪಾಲು ಸೇರುವುದು ಇಲ್ಲೇ. ಗಲ್‌ಗಳಿಗೆ ಇದರಿಂದ ತೊಂದರೆಯೇನಿಲ್ಲ. ಸತ್ತ ಮೀನು, ಎಸೆದ ಅನ್ನ, ಕರಿದ ಸೇವು, ಯಾವುದಾದರೂ ಆದೀತು.

ಕೆಳಗೆ ಓಖ್ಲಾ ಪಕ್ಷಿಧಾಮದಲ್ಲಿ ಸಲಿಕೆ ಕೊಕ್ಕಿನ ಬಾತುಗಳು ಗುಂಪಾಗಿ ಸುತ್ತು ಹಾಕುವುದನ್ನು ನೋಡಬೇಕು. ಒಂದರ ಹಿಂದೆ ಒಂದು ತಿರುಗುತ್ತ ನೀರನ್ನು ಕದಡುತ್ತವೆ, ಮೇಲೆದ್ದ ಸೂಕ್ಷ್ಮಜೀವಿಗಳನ್ನು ಅಗಲ ಕೊಕ್ಕಿನ ಅಂಚಿನಲ್ಲಿರುವ ಎಳೆಗಳಲ್ಲಿ ಜರಡಿ ಹಿಡಿದಂತೆ ಸೋಸಿಕೊಳ್ಳುತ್ತವೆ. ಕೊಳಚೆಯ ಸಾರ ತುಂಬಿದ ಆಳವಿಲ್ಲದ ನೀರು ಅವಕ್ಕೆ ಹಬ್ಬ. ಮೆಟ್ಟುಗಾಲು ಹಕ್ಕಿಗೂ ಅಷ್ಟೆ.

ಕೆಂಜುಟ್ಟಿನ ಬಾತಿನ ಕಥೆ ಬೇರೆ. ಕಿತ್ತಳೆ ತಲೆ, ಹವಳದ ಬಣ್ಣದ ಕೊಕ್ಕಿನ ಈ ಹಕ್ಕಿ ಮುಳುಗಿ ನೀರೊಳಗಿನ ಸಸ್ಯ ಕೀಳುತ್ತದೆ. ಅದಕ್ಕೆ ಆಳವೂ ಬೇಕು, ಬಿಸಿಲು ತಳಕ್ಕಿಳಿಯುವ ತಿಳಿನೀರೂ ಬೇಕು. ದಿಲ್ಲಿಯಲ್ಲಿ ಅದನ್ನು ಹುಡುಕುವವರು ನದಿಗೆ ಹೋಗುವುದಿಲ್ಲ. ವಜೀರಾಬಾದ್ ಬಳಿ ಮನುಷ್ಯರೇ ಕಟ್ಟಿ ಬೆಳೆಸಿದ ಯಮುನಾ ಜೀವವೈವಿಧ್ಯ ಉದ್ಯಾನದ ಕೊಳಕ್ಕೆ ಹೋಗುತ್ತಾರೆ.

ಒಂದು ಪತ್ರ, ಒಂದು ಕೆರೆ

ಗುರುಗ್ರಾಮದಾಚೆಯ ಸುಲ್ತಾನಪುರ ಕೆರೆ ಉಳಿದದ್ದೂ ಮನುಷ್ಯರ ಹಟದಿಂದಲೇ. ದಿಲ್ಲಿ ಪಕ್ಷಿವೀಕ್ಷಕರ ಸಂಘದಲ್ಲಿದ್ದ ಪತ್ರಕರ್ತ ಪೀಟರ್ ಜಾಕ್ಸನ್ ಆ ಜಾಗ ಉಳಿಸಿ ಎಂದು ಪ್ರಧಾನಿ ಇಂದಿರಾ ಗಾಂಧಿಯವರಿಗೆ ಪತ್ರ ಬರೆದರು. ಅವರೂ ಹಕ್ಕಿ ನೋಡುವ ಹವ್ಯಾಸದವರೇ. 1970ರ ದಶಕದ ಆರಂಭದಲ್ಲಿ ಅದು ಪಕ್ಷಿಧಾಮವಾಯಿತು, 2021ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು.

ಅಲ್ಲಿಗೆ ಬರುವ ಪಟ್ಟೆತಲೆ ಹೆಬ್ಬಾತು ನಮಗೂ ನೆಂಟ. ಹಿಮಾಲಯ ದಾಟುವಾಗ 7,000 ಮೀಟರಿಗೂ ಮೇಲೆ ಹಾರಿದ ದಾಖಲೆ ಅದಕ್ಕಿದೆ. ಅದೇ ಜಾತಿಯ ಹಿಂಡುಗಳು ಗದಗ ಜಿಲ್ಲೆಯ ಮಾಗಡಿ ಕೆರೆಗೂ ಇಳಿಯುತ್ತವೆ. ಆ ಕೆರೆಯೂ 2024ರಲ್ಲಿ ರಾಮ್ಸಾರ್ ತಾಣವಾಯಿತು.

1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ ನಡೆಯುತ್ತಿದೆ. ಸುದ್ದಿಯ ತಲೆಬರಹಕ್ಕೆ ಒಟ್ಟು ಸಂಖ್ಯೆ ಸಾಕು. ನೀರಿನ ಸ್ಥಿತಿ ತಿಳಿಯಬೇಕಾದವರು ಜಾತಿವಾರು ಪಟ್ಟಿಯನ್ನೇ ಓದಬೇಕು. ಯಮುನೆ ನಿಜಕ್ಕೂ ಶುದ್ಧವಾದರೆ, ಸೇವು ಎರಚುವುದೂ ನಿಂತರೆ, ಘಾಟ್‌ನಲ್ಲಿ ಗಲ್‌ಗಳು ಕಡಿಮೆಯಾಗಲೂಬಹುದು. ಅಂಥ ವರ್ಷ ‘ದಿಲ್ಲಿಗೆ ಹಕ್ಕಿಗಳು ಮುನಿದವು’ ಎಂದು ಬರೆಯುವ ಮೊದಲು, ಕೆಂಜುಟ್ಟಿನ ಬಾತು ನದಿಗೆ ಇಳಿದಿದೆಯೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.