ಹಾರುವ ಓತಿಯ ಬೆನ್ನುಹತ್ತಿ

ಕೂಕಲ್ತೊರೈಯ ಮಂಜು ಕವಿದ ಸಂಜೆಗಳಿಗೆ ರಂಜಕವಾದ ವಿಜ್ಞಾನ ಕಾದಂಬರಿಯನ್ನು ಅರಸುವ ಕನ್ನಡಿಗರು ಇಂಗ್ಲಿಷಿನತ್ತ ಹೊರಳುವ ಮುನ್ನ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ವನ್ನು (1980) ಕೈಗೆತ್ತಿಕೊಳ್ಳಬೇಕು. ವಿಜ್ಞಾನಿ ಕರ್ವಾಲೊ, ಕೃಷಿಕನಾದ ನಿರೂಪಕ, ಜೇನಿನ ಮರ್ಮ ಬಲ್ಲ ಮಂದಣ್ಣ, ಕಿವಿಯೆಂಬ ನಾಯಿ, ಇನ್ನೂ ಕೆಲವರು ಸೇರಿದ ಈ ವಿಚಿತ್ರ ತಂಡ ಹಾರುವ ಓತಿಯನ್ನು ಹುಡುಕುತ್ತ ಮಲೆನಾಡಿನ ಕಾಡನ್ನು ಹೊಗುತ್ತದೆ. ಪಕ್ಕೆಲುಬುಗಳ ಆಧಾರದಿಂದ ಚರ್ಮವನ್ನು ರೆಕ್ಕೆಯಂತೆ ಹರಡಿ ಮರದಿಂದ ಮರಕ್ಕೆ ತೇಲುವ ಈ ಜೀವಿ ಪಶ್ಚಿಮಘಟ್ಟದಲ್ಲಿ ನಿಜವಾಗಿಯೂ ಇದೆ. ಕಾದಂಬರಿಯ ಬೆರಗು ಹುಟ್ಟುವುದು ಅಲ್ಲಿಯೇ. ಇದನ್ನು ಅಪ್ಪಟ ವೈಜ್ಞಾನಿಕ ಕಲ್ಪನೆಯೆನ್ನಲು ಹಿಂಜರಿಯುವವರುಂಟು. ಹಿಂಜರಿಯಲಿ, ನಗುತ್ತ ಓದಲು ಅದೇನೂ ಅಡ್ಡಿಯಲ್ಲ. ಕನ್ನಡ ಲಿಪಿಯನ್ನೇ ಕಲಿಯದೆ ತಮಿಳು ಶಾಲೆಗಳಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ಹಿರಿಯರು ಇದನ್ನು ಗಟ್ಟಿಯಾಗಿ ಓದಿ ಹೇಳಬಹುದು. ಮಂದಣ್ಣನ ಮಾತುಗಳೇ ಅವರನ್ನು ಹಿಡಿದು ಕೂರಿಸುವವು. ಬಾಹ್ಯಾಕಾಶವೇ ಬೇಕೆನ್ನುವವರಿಗೆ ರಾಜಶೇಖರ ಭೂಸನೂರಮಠರ ಕೃತಿಗಳಿವೆ.