ಉಪ್ಪಗೆ ಕೊಯ್ಯೋ ಮುಂಚೆ

ಶಿರಸಿ ಕಡೆಯ ಕಾಡು, ಜಡಿಮಳೆ. ಕಾಲಿಗೆ ಉಂಬಳ ಹತ್ತಿದ್ರೂ ಒಬ್ಬರು, ಸಿಪ್ಪೆಗಾಗಿ ಜನ ಕಾಯಿ ಕೊಯ್ಯೋ ಉಪ್ಪಗೆ ಮರದ ಬುಡದಲ್ಲಿ ಕೂತು ಸಸಿ ಎಣಿಸ್ತಿದ್ದಾರೆ. ಅರಣ್ಯ ವಿಜ್ಞಾನಿ. ಎದೆಮಟ್ಟದಲ್ಲಿ, ಅಂದ್ರೆ ನೆಲದಿಂದ 1.37 ಮೀಟರ್ ಎತ್ತರದಲ್ಲಿ ಟೇಪು ಸುತ್ತಿ ಮರದ ಸುತ್ತಳತೆ ಬರೆದಾಯ್ತು. ಆದ್ರೆ ಅಸಲಿ ಲೆಕ್ಕ ಇರೋದು ಕೆಳಗೆ: ಮರ ಎಷ್ಟೇ ದೊಡ್ಡದಿರಲಿ, ಸಸಿ ಏಳದಿದ್ರೆ ಮುಂದಿನ ತಲೆಮಾರೇ ಇಲ್ಲ.

ಸಸಿ ಯಾಕೆ ಏಳಲ್ಲ? ಬಲಿಯದ ಕಾಯನ್ನೇ ಕೊಯ್ತಾರೆ. ನಾವು ಬಿಟ್ರೆ ಇನ್ನೊಬ್ರು ಒಯ್ತಾರೆ ಅನ್ನೋ ಭಯ. ಅದನ್ನ ತಪ್ಪು ಅನ್ನೋಕೂ ಆಗಲ್ಲ ಬಿಡಿ. ಮೇಲಾಗಿ ಮಳೆಗಾಲ, ಸಿಪ್ಪೆ ಒಣಗಿಸೋಕೆ ಕಾಡಿಂದ ರಾಶಿ ಸೌದೆಯೂ ಬೇಕು.

ಕೊಯ್ಲೇ ನಿಲ್ಲಿಸಿ ಅಂತ ವಿಜ್ಞಾನಿ ಹೇಳಲ್ಲ. ಹಳದಿಗೆ ತಿರುಗಿದ ಹಣ್ಣು ಆರಿಸಿ, ಟೊಂಗೆ ಕಡೀಬೇಡಿ, ಬೀಜ ಕಾಡಲ್ಲೇ ಬಿಟ್ಟು ಬನ್ನಿ.