ನೀರಿನ ಬೆನ್ನು ಹತ್ತಿ ಒಂದು ತಿರುಗಾಟ

"ನಮ್ಮ ಕಡೆ ಏನದ ನೋಡ್ಲಿಕ್ಕೆ? ಬಿಸಿಲು, ಫರ್ಸಿ ಕಲ್ಲು, ಸಿಮೆಂಟಿನ ಧೂಳು!"

ಹೀಗೆ ಬಹಳ ಮಂದಿ ಅಂತಾರೆ. ನಾವೂ ಹಾಗೇ ಅಂತಿದ್ದೆವು. ಮೈಸೂರು ನೋಡಬೇಕು, ಜೋಗ ನೋಡಬೇಕು ಅಂತ ರೊಕ್ಕ ಕೂಡಿಸ್ತಿದ್ದೆವು. ನಮ್ಮ ಕಲಬುರಗಿ ಜಿಲ್ಲೆಯಲ್ಲೇ ಕಾಡು ಇದೆ, ಜಲಪಾತ ಇದೆ. ಇದು ನಮಗೆ ತಡವಾಗಿ ಗೊತ್ತಾಯಿತು.

ಬನ್ನಿ, ಮೊದಲು ಚಿಂಚೋಳಿಗೆ ಹೋಗೋಣ.

ಚಿಂಚೋಳಿಗೆ ರೈಲು ಇಲ್ಲ. ಬಸ್ಸಿನಲ್ಲಿ ಹೋಗಬೇಕು. 2023ರ ಜೂನ್ 11ರಿಂದ ಸರಕಾರಿ ಸಾದಾ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಹಣ ಇಲ್ಲ. ಆಧಾರ್ ಕಾರ್ಡ್ ತೋರಿಸಿದರೆ ಸಾಕು. ನಮ್ಮ ಗುಂಪಿನಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಬಸ್ಸಿನ ಬೋರ್ಡನ್ನು ಅವರೇ ಓದಿದರು. ಯಾರನ್ನೂ ಕೇಳಲಿಲ್ಲ.

ಚಿಂಚೋಳಿ ಊರು ದಾಟಿ ಕುಂಚಾವರಂ ಕಡೆ ಹೋದರೆ ಗುಡ್ಡ ಶುರುವಾಗುತ್ತವೆ. ತೊಗರಿ ಹೊಲ ಹಿಂದೆ ಬೀಳುತ್ತದೆ. ಗಿಡಗಳು ಹತ್ತಿರ ಹತ್ತಿರ ಬರುತ್ತವೆ. ಇದೇ ಚಿಂಚೋಳಿ ವನ್ಯಜೀವಿ ಧಾಮ.

ವನ್ಯಜೀವಿ ಧಾಮ ಅಂದರೇನು? ಕಾಡಿನ ಪ್ರಾಣಿ, ಹಕ್ಕಿ, ಗಿಡ ಬಾಳಲಿ ಅಂತ ಸರಕಾರ ಕಾಯ್ದಿಟ್ಟ ಜಾಗ. 2011ರಲ್ಲಿ ಈ ಕಾಡನ್ನು ಧಾಮ ಅಂತ ಸಾರಿದರು. ಇದರ ವಿಸ್ತಾರ 134.88 ಚದರ ಕಿಲೋಮೀಟರ್. ಎಕರೆ ಲೆಕ್ಕ ಹಾಕಿದರೆ ಸುಮಾರು 33 ಸಾವಿರ ಎಕರೆ. ಒಂದು ಮನೆಗೆ ಐದು ಎಕರೆ ಹೊಲ ಅಂತ ಹಿಡಿಯಿರಿ. ಆರು ಸಾವಿರಕ್ಕೂ ಹೆಚ್ಚು ಮನೆಗಳ ಹೊಲ ಕೂಡಿದಷ್ಟು ಕಾಡು ಅದು!

ನಾವು ಮೊದಲ ಸಲ ಹೋದದ್ದು ಏಪ್ರಿಲ್ ತಿಂಗಳಲ್ಲಿ. ಅದೇ ನಮ್ಮ ಮೊದಲ ತಪ್ಪು.

ಕಾಡು ಅಂದರೆ ಹಸಿರು ಇರಬೇಕಲ್ಲವೇ? ಅಲ್ಲಿ ಹಸಿರೇ ಕಡಿಮೆ. ಸಾಗವಾನಿ ಗಿಡಗಳು ಬೋಳಾಗಿ ನಿಂತಿದ್ದವು. ಕಾಲಿಟ್ಟಲ್ಲೆಲ್ಲ ಒಣ ಎಲೆ ಚರಚರ ಅನ್ನುತ್ತಿತ್ತು. ಎತ್ತಿಪೋತ ಜಲಪಾತ ನೋಡಬೇಕು ಅಂತ ಬಿಸಿಲಲ್ಲಿ ನಡೆದೆವು. ಹೋಗಿ ನೋಡಿದರೆ ಬರೀ ಕಲ್ಲಿನ ಪಡಿ! ನೀರಿನ ಹನಿ ಇಲ್ಲ. ನಮ್ಮಲ್ಲಿ ಒಬ್ಬಾಕೆ, "ಕಾಡು ಸತ್ತು ಹೋಗ್ಯದ ನೋಡ್ರಿ" ಅಂದಳು.

ಕಾಡು ಸತ್ತಿರಲಿಲ್ಲ. ಬ್ಯಾಸಗಿಯಲ್ಲಿ ನಾವು ಏನು ಮಾಡ್ತೇವೆ? ಕೊಡದ ನೀರನ್ನು ಅಳೆದು ಬಳಸ್ತೇವೆ. ಗಿಡವೂ ಹಾಗೇ ಮಾಡುತ್ತದೆ. ಎಲೆಯ ಮೂಲಕ ಗಿಡದ ನೀರು ಗಾಳಿಗೆ ಹೋಗುತ್ತದೆ. ಎಲೆ ಉದುರಿಸಿದರೆ ನೀರು ಉಳಿಯುತ್ತದೆ. ಅದಕ್ಕೇ ಒಣನಾಡಿನ ಗಿಡಗಳು ಬ್ಯಾಸಗಿಗೆ ಬೋಳಾಗುತ್ತವೆ. ಮೊದಲ ಮಳೆ ಬಿದ್ದ ಕೆಲವೇ ದಿನಕ್ಕೆ ಮತ್ತೆ ಚಿಗುರುತ್ತವೆ. ಮಲೆನಾಡಿನ ಕಾಡು ಬೇರೆ, ನಮ್ಮ ಕಾಡು ಬೇರೆ. ಇಷ್ಟು ಒಣ ಸೀಮೆಯಲ್ಲಿ ಇಂಥ ಕಾಡು ಸಿಗುವುದೇ ಅಪರೂಪ.

ಎರಡನೇ ತಪ್ಪು ಇನ್ನೂ ದೊಡ್ಡದು. ಹೇಳಲಿಕ್ಕೆ ನಾಚಿಕೆ ಬರುತ್ತದೆ, ಆದರೂ ಹೇಳ್ತೇವೆ. ಮಧ್ಯಾಹ್ನ ಚಹಾ ಕುಡಿಯೋಣ ಅಂತ ಮೂರು ಕಲ್ಲು ಇಟ್ಟು ಒಲೆ ಹಚ್ಚಿದೆವು. ಕಟ್ಟಿಗೆ ಅಲ್ಲೇ ಬಿದ್ದಿತ್ತು. ಹೊಗೆ ಕಂಡು ಅರಣ್ಯ ಗಾರ್ಡ್ ಓಡಿ ಬಂದರು. ಅವರು ಮೊದಲು ಬಯ್ಯಲಿಲ್ಲ. ಮಣ್ಣು ಹಾಕಿ ಬೆಂಕಿ ಆರಿಸಿದರು. ಆಮೇಲೆ ಬೈದರು.

ಅವರು ಹೇಳಿದ್ದು ಇಷ್ಟು. ಈ ದಿನಗಳಲ್ಲಿ ಕಾಡಿನ ನೆಲವೆಲ್ಲ ಒಣ ಎಲೆಯ ಹಾಸಿಗೆ. ಗಾಳಿ ಬೀಸಿದರೆ ಒಂದು ಕಿಡಿ ಗುಡ್ಡ ಹತ್ತುತ್ತದೆ. ದೊಡ್ಡ ಗಿಡ ಹೇಗೋ ಉಳಿದೀತು. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿ ಏನು ಮಾಡಬೇಕು? ಎಳೆ ಸಸಿ ಎಲ್ಲಿ ಓಡಬೇಕು? ಸಸಿ ಸುಟ್ಟರೆ ಮುಂದಿನ ಕಾಡೇ ಇಲ್ಲ. ಬೀಡಿ ತುಂಡು ಎಸೆದರೂ ಅಷ್ಟೇ. ಧಾಮದಲ್ಲಿ ಬೆಂಕಿ ಹಚ್ಚುವುದು ಅಪರಾಧ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹಾಗೆ ಬರೆದಿದೆ. ಒಳಗೆ ಹೋಗಲಿಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು.

ಅಂದಿನಿಂದ ನಾವು ಬುತ್ತಿ ಕಟ್ಟಿಕೊಂಡೇ ಹೋಗ್ತೇವೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಇದಕ್ಕೆ ಒಲೆ ಯಾಕೆ ಬೇಕು?

ಎರಡನೇ ಸಲ ಶ್ರಾವಣದಲ್ಲಿ ಹೋದೆವು. ಅದೇ ಕಾಡೇನು ಇದು ಅನ್ನಿಸಿತು! ಗುಡ್ಡವೆಲ್ಲ ಹಸಿರು. ಎತ್ತಿಪೋತದಲ್ಲಿ ನೀರು ಭೋರ್ ಅಂತ ಬೀಳುತ್ತಿತ್ತು. ಎತ್ತಿಪೋತ ಅನ್ನೋದು ತೆಲುಗು ಮಾತು. ಕನ್ನಡದ 'ಎತ್ತಿ ಹೊಯ್ಯೋದು' ಅದರ ಪಕ್ಕದ ಮಾತೇ. ಈ ಕಾಡಿನ ಆಚೆಗೆ ತೆಲಂಗಾಣ. ಇಲ್ಲಿ ಕನ್ನಡ, ತೆಲುಗು, ಲಂಬಾಣಿ ಮೂರೂ ಮಾತು ಕೇಳುತ್ತವೆ. ಜಲಪಾತದ ಕೆಳಗೆ ಕಲ್ಲಿಗೆ ಪಾಚಿ ಹಿಡಿದಿರುತ್ತದೆ. ಕಾಲು ಜಾರುತ್ತದೆ. ಮಕ್ಕಳ ಕೈ ಬಿಡಬೇಡಿ.

ಚಂದ್ರಂಪಳ್ಳಿ ಆಣೆಕಟ್ಟೆಯೂ ಇಲ್ಲೇ ಇದೆ. ಸುತ್ತ ಗುಡ್ಡ, ನಡುವೆ ನೀರು. ನಮಗೆ ಎಲ್ಲಕ್ಕಿಂತ ಹಿಡಿಸಿದ ಜಾಗ ಇದು. ಆ ನೀರು ಕಾಲುವೆ ಹಿಡಿದು ಹೊಲಕ್ಕೂ ಹೋಗುತ್ತದೆ. ಇಲ್ಲಿ ಒಂದು ಮಾತು ತಿಳಿಯಬೇಕು. ಗುಡ್ಡದ ಮೇಲೆ ಗಿಡ ಇದ್ದರೆ ಬೇರು ಮಣ್ಣನ್ನು ಹಿಡಿಯುತ್ತದೆ. ಮಳೆ ನೀರು ನಿಧಾನ ಇಳಿಯುತ್ತದೆ. ಗಿಡ ಕಡಿದರೆ ನೀರು ಮಣ್ಣನ್ನು ಎಳೆದುಕೊಂಡು ಓಡಿ ಬರುತ್ತದೆ. ಆ ಮಣ್ಣು ಕೆರೆಯ ತಳದಲ್ಲಿ ಹೂಳಾಗಿ ಕೂಡುತ್ತದೆ. ಹೂಳು ಹೆಚ್ಚಾದಷ್ಟೂ ನೀರಿಗೆ ಜಾಗ ಕಡಿಮೆ. ಕೆಳಗಿನ ರೈತನ ಹೊಲ ಒಣಗುತ್ತದೆ. ಆತ ಕಾಡಿಗೆ ಒಂದು ದಿನವೂ ಹೋಗಿರಲಿಕ್ಕಿಲ್ಲ. ಆದರೂ ಅವನ ಹೊಲದ ನೀರು ಕಾಡಿನ ಕೈಯಲ್ಲಿದೆ.

ಗೊಟ್ಟಂಗೊಟ್ಟದಲ್ಲಿ ಬಕ್ಕಪ್ರಭು ಗುಡಿ ಇದೆ. ಮಂದಿ ಹರಕೆ ಹೊತ್ತು ಬರ್ತಾರೆ. ಪ್ಲಾಸ್ಟಿಕ್ ತಾಟು, ಲೋಟ ಅಲ್ಲೇ ಬಿಟ್ಟು ಹೋಗ್ತಾರೆ. ಉಪ್ಪಿನ ರುಚಿಗೆ ದನ, ಜಿಂಕೆ ಅದನ್ನು ತಿಂದರೆ ಹೊಟ್ಟೆಯಲ್ಲಿ ಕರಗುವುದಿಲ್ಲ. ಪ್ರಾಣ ಹೋಗುತ್ತದೆ. ಮುತ್ತಲ ಎಲೆಯ ಪತ್ರಾವಳಿ ಎಲ್ಲಿ ಹೋದವೋ!

ಪ್ರಾಣಿ ಕಂಡವೇನು ಅಂತ ಕೇಳ್ತೀರಿ. ಈ ಕಾಡಿನಲ್ಲಿ ಕೃಷ್ಣಮೃಗ, ಕೊಂಡುಕುರಿ, ತೋಳ, ನರಿ, ಕತ್ತೆಕಿರುಬ ಇವೆ. ಕೊಂಡುಕುರಿ ವಿಚಿತ್ರ ಪ್ರಾಣಿ. ಗಂಡಿಗೆ ನಾಲ್ಕು ಕೊಂಬು! ನಮಗೆ ಇವು ಯಾವುವೂ ಕಾಣಲಿಲ್ಲ. ನಾವು ಬಹಳ ಗದ್ದಲ ಮಾಡ್ತಿದ್ದೆವು. ಕಾಜಾಣ, ಹೊನ್ನಕ್ಕಿ, ಗಿಳಿ ಕಂಡವು. ಅಷ್ಟೇ. ರಕ್ತಚಂದನ, ಶ್ರೀಗಂಧದ ಗಿಡಗಳೂ ಇಲ್ಲಿವೆ. ಅವನ್ನು ಕಡಿದರೆ ಜೈಲು ಖರೆ.

ಕತ್ತೆಕಿರುಬ ಅಂದರೆ ಮಂದಿ ಹೆದರ್ತಾರೆ. ಅದು ಹೆಚ್ಚಾಗಿ ಸತ್ತ ಪ್ರಾಣಿಯನ್ನೇ ತಿನ್ನುತ್ತದೆ. ಅದು ಕಾಡಿನ ಜಾಡಮಾಲಿ. ತೋಳದ ಮಾತು ಬೇರೆ. ಅದು ಕುರಿ ಹಿಡಿಯುತ್ತದೆ. ಕುರಿ ಕಾಯುವವನಿಗೆ ಅದು ನಷ್ಟವೇ. ಆದರೆ ವಿಷ ಇಡಬೇಡಿ. ಕಾಡುಪ್ರಾಣಿ ದನ, ಕುರಿ ಕೊಂದರೆ ಸರಕಾರ ಪರಿಹಾರ ಕೊಡುತ್ತದೆ. ಸತ್ತ ಪ್ರಾಣಿಯನ್ನು ಹೂಳುವ ಮೊದಲೇ ಅರಣ್ಯ ಕಚೇರಿಗೆ ತಿಳಿಸಿ ಅರ್ಜಿ ಬರೆಯಿರಿ.

ಕಾಡಿನ ಒಳಗೆ ಲಂಬಾಣಿ ತಾಂಡಾಗಳಿವೆ. ಒಂದು ತಾಂಡಾದಲ್ಲಿ ನೀರು ಕುಡಿಯಲಿಕ್ಕೆ ನಿಂತೆವು. ವಯಸ್ಸಾದ ಒಬ್ಬ ತಾಯಿ ತಂಬಿಗೆ ತಂದುಕೊಟ್ಟಳು. ನಾವು ಅವಳನ್ನು 'ಯಾಡಿ' ಅಂದೆವು. ಲಂಬಾಣಿ ಮಾತಿನಲ್ಲಿ ಯಾಡಿ ಅಂದರೆ ಅವ್ವ. ನಾವು ಕಾಡು ನೋಡಲಿಕ್ಕೆ ಬಂದೇವೆ ಅಂದದ್ದಕ್ಕೆ ಆಕೆ ನಕ್ಕಳು.

"ನೀವು ನೋಡಿ ಹೋಗ್ತೀರಿ. ನಾವು ಇಲ್ಲೇ ಇರ್ತೇವೆ. ದನ ಎಲ್ಲಿ ಮೇಯಿಸಬೇಕು ಹೇಳ್ರಿ?"

ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ದನ ಹೆಚ್ಚಾಗಿ ಮೇಯ್ದರೆ ಸಸಿ ಉಳಿಯುವುದಿಲ್ಲ, ಇದು ನಿಜ. ಧಾಮ ಆಗುವ ಮೊದಲೇ ತಾಂಡಾ ಇತ್ತು, ಇದೂ ನಿಜ. ಕಾಡು ಕಾಯುವ ಭಾರವನ್ನೆಲ್ಲ ಬಡವರ ತಲೆ ಮೇಲೆ ಇಡುವುದು ಸರಿಯಲ್ಲ ಅಂತ ನಮಗೆ ಅನ್ನಿಸುತ್ತದೆ.

2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. ಕಾಡಿನಲ್ಲಿ ವಾಸವಿದ್ದವರು ತಮ್ಮ ಹಕ್ಕು ಕೇಳಬಹುದು. ಅರ್ಜಿಯನ್ನು ಗ್ರಾಮಸಭೆಗೆ ಕೊಡಬೇಕು. ಆದರೆ ಒಂದು ತೊಡಕು ಇದೆ. ಪರಿಶಿಷ್ಟ ಪಂಗಡದವರು ಅಲ್ಲದಿದ್ದರೆ, 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ಇದ್ದದ್ದಕ್ಕೆ ಪುರಾವೆ ಬೇಕು. ನಮ್ಮ ರಾಜ್ಯದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿಯಲ್ಲಿದ್ದಾರೆ, ಪಂಗಡದಲ್ಲಿ ಇಲ್ಲ. ಓದು ಬಾರದ ಅಜ್ಜ 75 ವರ್ಷದ ಕಾಗದ ಎಲ್ಲಿಂದ ತರಬೇಕು? ಕಾಗದವೊಂದೇ ಪುರಾವೆ ಅಲ್ಲ. ಊರ ಹಿರಿಯರ ಹೇಳಿಕೆಯನ್ನೂ ಬರೆಸಿ ಕೊಡಬಹುದು. ಹಳೇ ಗೋರಿ, ಬಾವಿ, ಗುಡಿಯ ಗುರುತನ್ನೂ ತೋರಿಸಬಹುದು. ಇದು ಕಾನೂನಿನ ನಿಯಮದಲ್ಲೇ ಇದೆ. ಯಾಡಿಗೆ ಇದನ್ನು ಹೇಳಿದೆವು. "ನನ್ನ ಮೊಮ್ಮಗಳು ಓದ್ತಾಳ, ಆಕೀಗಿ ಬರೆದುಕೊಡ್ರಿ" ಅಂದಳು. ಬರೆದುಕೊಟ್ಟು ಬಂದೆವು.

ಈಗ ಕಾಡಿನ ನೀರಿನ ಬೆನ್ನು ಹತ್ತೋಣ.

ಚಿಂಚೋಳಿ ಸೀಮೆಯ ನೀರು ಮುಲ್ಲಾಮಾರಿ ಹೊಳೆ ಸೇರುತ್ತದೆ. ಮುಲ್ಲಾಮಾರಿ ಕಾಗಿಣಾ ನದಿ ಸೇರುತ್ತದೆ. ಕಾಗಿಣಾ ದಂಡೆಯಲ್ಲಿ ಸೇಡಂ ತಾಲೂಕಿನ ಮಳಖೇಡ ಇದೆ. ಇದೇ ಹಿಂದಿನ ಮಾನ್ಯಖೇಟ. ರಾಷ್ಟ್ರಕೂಟ ಅರಸರ ರಾಜಧಾನಿ. ನೃಪತುಂಗ ಎಂಬ ಅರಸ ಇಲ್ಲಿಂದಲೇ ಆಳಿದ. ನಮಗೆ ಸಿಕ್ಕಿರುವ ಕನ್ನಡ ಪುಸ್ತಕಗಳಲ್ಲೆಲ್ಲ ಹಳೆಯದು 'ಕವಿರಾಜಮಾರ್ಗ'. ಅದು ಅವನ ಆಸ್ಥಾನದಲ್ಲಿ ಹುಟ್ಟಿತು. ಸುಮಾರು 1150 ವರ್ಷ ಆಯಿತು. ಕನ್ನಡದ ಮಂದಿ ಓದದೆಯೂ ಕವಿತೆ ಕಟ್ಟುವ ಜಾಣರು ಅಂತ ಅದರಲ್ಲಿ ಹೇಳಿದೆ. ನಮ್ಮ ಗುಂಪಿನ ಹೆಣ್ಣುಮಕ್ಕಳು ಬೀಸುಕಲ್ಲಿನ ಪದ ಹಾಡುವವರು. ಇದನ್ನು ಕೇಳಿ, "ಅಂದ್ರ ನಮ್ಮನ್ನೇ ಬರೆದಾರ" ಅಂದರು!

ಮಳಖೇಡದ ಕೋಟೆ ಹೊಳೆಯ ದಂಡೆಗೇ ಇದೆ. ಸಂಜೆ ಹೊತ್ತು ಕೂಡಲು ಚೆನ್ನ. ಜೋರು ಮಳೆಯಲ್ಲಿ ಕಾಗಿಣಾ ತುಂಬಿದಾಗ ಸೇತುವೆ ಮೇಲೂ ನೀರು ಬರುವುದುಂಟು. ಆಗ ದಾಟುವ ಸಾಹಸ ಬೇಡ.

ಚಿತ್ತಾಪುರದ ಪಕ್ಕದಲ್ಲಿ ನಾಗಾವಿ ಇದೆ. ಮಂದಿಗೆ ಅದು ಎಲ್ಲಮ್ಮನ ಗುಡಿ ಅಂತ ಗೊತ್ತು. ಸಾವಿರ ವರ್ಷದ ಹಿಂದೆ ಅಲ್ಲಿ ದೊಡ್ಡ ವಿದ್ಯಾಶಾಲೆ ಇತ್ತು. 1058ರ ಒಂದು ಶಾಸನ ಅದನ್ನು ಹೇಳುತ್ತದೆ. ಗ್ರಂಥ ಕಾಯುವ ಮಂದಿಯೂ ಅಲ್ಲಿದ್ದರು. ಅವರನ್ನು ಸರಸ್ವತಿ ಭಂಡಾರಿಗರು ಅಂತಿದ್ದರು. ಕಂಬಗಳ ಹಳೇ ಗುಡಿ ಇನ್ನೂ ನಿಂತಿದೆ.

ವಾಡಿ, ಶಹಾಬಾದ ಕಡೆ ಕಾಡಿಲ್ಲ. ನೆಲವೇ ಕಲ್ಲು. ಕೋಟಿಗಟ್ಟಲೆ ವರ್ಷದ ಹಿಂದೆ ಇಲ್ಲಿ ಸಮುದ್ರ ಇತ್ತು. ಅದರ ತಳದ ಕೆಸರು ಪದರು ಪದರಾಗಿ ಗಟ್ಟಿಯಾಯಿತು. ಅದೇ ನಮ್ಮ ಸುಣ್ಣದ ಕಲ್ಲು. ಅದಕ್ಕೇ ಶಹಾಬಾದಿ ಫರ್ಸಿ ರೊಟ್ಟಿಯಂತೆ ಪದರಾಗಿ ಏಳುತ್ತದೆ. ವಾಡಿಯ ಸಿಮೆಂಟಿಗೂ ಇದೇ ಕಲ್ಲು. ಕಲ್ಲು ತೆಗೆದು ಬಿಟ್ಟ ಖಣಿಗಳಲ್ಲಿ ಮಳೆ ನೀರು ನಿಲ್ಲುತ್ತದೆ. ತಿಳಿ ನೀಲಿ ನೀರು, ನೋಡಲಿಕ್ಕೆ ಬಲು ಚಂದ. ಹುಡುಗರು ಫೋಟೋ ತೆಗೆಯಲಿಕ್ಕೆ, ಈಜಲಿಕ್ಕೆ ಹೋಗ್ತಾರೆ. ಅದು ಕೆರೆ ಅಲ್ಲ! ಕೆರೆಗೆ ಇಳಿಜಾರು ದಂಡೆ ಇರುತ್ತದೆ. ಖಣಿಗೆ ಗೋಡೆ ಇರುತ್ತದೆ. ಒಂದು ಹೆಜ್ಜೆ ಇಟ್ಟರೆ ಆಳ. ಹಿಡಿದು ಮೇಲೆ ಬರಲಿಕ್ಕೆ ಏನೂ ಸಿಗುವುದಿಲ್ಲ. ಈಜು ಬಂದವರೂ ಅಲ್ಲಿ ಸೋಲ್ತಾರೆ. ದೂರದಿಂದ ನೋಡಿ ಬನ್ನಿ.

ಶಹಾಬಾದಿನ ಹತ್ತಿರ ಕಾಗಿಣಾ ಭೀಮೆಯನ್ನು ಕೂಡುತ್ತದೆ. ಭೀಮೆಯ ದಂಡೆ ಹಿಡಿದು ಕೆಳಗೆ ಹೋದರೆ ಚಿತ್ತಾಪುರ ತಾಲೂಕಿನ ಸನ್ನತಿ. ಅಲ್ಲಿ ಚಂದ್ರಲಾಂಬಾ ದೇವಿಯ ಗುಡಿ ಇದೆ. 1986ರಲ್ಲಿ ಅದೇ ಆವರಣದ ಕಾಳಿ ಗುಡಿಯ ಛಾವಣಿ ಕುಸಿಯಿತು. ಮೂರ್ತಿಯ ಕೆಳಗಿನ ಪೀಠ ಹೊರಗೆ ಕಂಡಿತು. ಅದರ ಮೇಲೆ ಅಕ್ಷರ ಇದ್ದವು. ಓದಿ ನೋಡಿದರೆ ಅದು ಅಶೋಕ ಚಕ್ರವರ್ತಿಯ ಶಾಸನ! ಎಷ್ಟೋ ಕಾಲ ಆ ಅಕ್ಷರ ಅಲ್ಲೇ ಇದ್ದವು, ಓದುವವರು ಇರಲಿಲ್ಲ. ಪಕ್ಕದ ಕನಗನಹಳ್ಳಿಯಲ್ಲಿ ಅಗೆದಾಗ ಬೌದ್ಧ ಸ್ತೂಪ ಸಿಕ್ಕಿತು. ಒಂದು ಕಲ್ಲಿನ ಮೇಲೆ ರಾಣಿಯರ ಜೊತೆ ನಿಂತ ಅಶೋಕನ ಚಿತ್ರ ಇದೆ. ಚಿತ್ರದ ಜೊತೆ ಅವನ ಹೆಸರನ್ನೂ ಕೆತ್ತಿದ್ದಾರೆ.

ಸನ್ನತಿಯಲ್ಲಿ ನೆರಳು ಕಡಿಮೆ. ಛತ್ರಿ, ನೀರಿನ ಬಾಟ್ಲಿ ಒಯ್ಯಿರಿ. ಹೋದ ಕೂಡಲೇ ವಾಪಸು ಬಸ್ಸಿನ ವೇಳೆ ಕೇಳಿ ಬರೆದಿಟ್ಟುಕೊಳ್ಳಿ. ನಾವು ಬರೆದುಕೊಳ್ಳಲಿಲ್ಲ. ಕತ್ತಲಾಗುವ ತನಕ ಗುಡಿಯ ಕಟ್ಟೆ ಮೇಲೆ ಕೂತು, ಉಳಿದ ರೊಟ್ಟಿ ಹಂಚಿಕೊಂಡು ತಿಂದೆವು.